ಪುಟವನ್ನು ಕಾಯುವ ಕೈಗಳು

ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಡಿಜಿಟಲ್ ಗ್ರಂಥಭಂಡಾರಕ್ಕೆ ನೆರವಾಗಲೆಂದು ಚಾರ್ಲ್ಸ್ ಫ್ರಾಂಕ್ಸ್ ಅವರು 2000ದಲ್ಲಿ ಆರಂಭಿಸಿದ ‘ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್’ ಎಂಬ ಸ್ವಯಂಸೇವಕ ಸಮುದಾಯದಲ್ಲಿ, ಪರಸ್ಪರ ಮುಖಪರಿಚಯವೂ ಇಲ್ಲದ ಜನರು ಒಂದೇ ಗ್ರಂಥದ ಬೇರೆ ಬೇರೆ ಪುಟಗಳನ್ನು ತಿದ್ದಿಯೂ ಅದರ ಏಕರೂಪತೆಗೆ ಭಂಗ ಬಾರದಂತೆ ಕಾಯುವ ವ್ಯವಸ್ಥೆಯೊಂದು ಉಂಟು. ಅದು ನನಗೆ ಅತ್ಯಂತ ಆದರಣೀಯವಾಗಿ ತೋರುತ್ತದೆ.

ಕಾರ್ಯವೆಲ್ಲ ಪುಟದ ಬಿಂಬದಿಂದಲೇ ಆರಂಭ. ಸ್ಕ್ಯಾನ್ ಮಾಡಿದ ಹಾಳೆಯ ಓರೆಯನ್ನು ನೇರಗೊಳಿಸಿ, ಅಂಚನ್ನು ಕತ್ತರಿಸಿ, ಕಪ್ಪು-ಬಿಳುಪಿನ ಗಡಿಯನ್ನು ನಿಶ್ಚಯಿಸುವಲ್ಲಿ ಒಬ್ಬರು ತುಸು ಹೆಚ್ಚಾಗಿ ಬೆಳಗಿಸಿದರೆ ಇಂಗ್ಲಿಷಿನ ಚಿಕ್ಕ ‘ಇ’ ಅಕ್ಷರದ ಕೃಶವಾದ ಅಡ್ಡಗೆರೆ ಅಳಿದು ಅದು ‘ಸಿ’ಯಾಗಿಬಿಡುತ್ತದೆ, ಮತ್ತೊಬ್ಬರು ಕಪ್ಪೇರಿಸಿದರೆ ಅದರ ಕಣ್ಣೇ ಮುಚ್ಚಿಹೋಗುತ್ತದೆ. ಆದುದರಿಂದಲೇ ಲಿಖಿತ ನಿಯಮಾವಳಿ, ಪ್ರತಿ ಗ್ರಂಥಕ್ಕೂ ಒಬ್ಬ ನಿರ್ವಾಹಕ, ಹೊಸಬರ ಪುಟಗಳನ್ನು ತಾಳ್ಮೆಯಿಂದ ಪರಾಂಬರಿಸಿ ತಪ್ಪನ್ನು ತಿಳಿಹೇಳುವ ಹಿರಿಯರು, ಪಠ್ಯಕ್ಕೆ ಮೂರು ಸುತ್ತಿನ ತಿದ್ದುಪಡಿ, ವಿನ್ಯಾಸಕ್ಕೆ ಎರಡು ಸುತ್ತು.

ಇವೆಲ್ಲಕ್ಕಿಂತ ನಾನು ವಿಶೇಷವಾಗಿ ಮೆಚ್ಚುವುದು, ಮೂಲ ಮುದ್ರಣದ ಹಳೆಯ ಕಾಗುಣಿತವನ್ನು ತಮ್ಮ ಅಭಿರುಚಿಗೆ ತಕ್ಕಂತೆ ಹೊಸದಾಗಿಸಲೊಲ್ಲದ ಈ ಸ್ವಯಂಸೇವಕರ ಸಂಯಮವನ್ನು. ಚಿತ್ರಗಳನ್ನು ಶುದ್ಧಗೊಳಿಸುವವರಿಂದಲೂ ಇದೇ ಸಂಯಮವನ್ನು ಅಪೇಕ್ಷಿಸಲಾಗುತ್ತದೆ: ಕಾಗದದ ಕಲೆಯನ್ನು ತೊಡೆಯಬಹುದೇ ಹೊರತು ಚಿತ್ರಕಾರನ ಗೆರೆಯನ್ನು ಮುಟ್ಟತಕ್ಕದ್ದಲ್ಲ.