ಕಂಠಪಾಠ ಮತ್ತು ಲಿಖಿತಪಾಠ: ಪೌರ್ವಾತ್ಯವಾದಿ ವಿಮರ್ಶೆಗೆ ಅಝಮಿಯವರ ಉತ್ತರ

ಕುರ್‌ಆನಿನ ಪಠ್ಯಚರಿತ್ರೆಯನ್ನು ಕುರಿತ ಐರೋಪ್ಯ ವಿಮರ್ಶೆಗೆ ದೀರ್ಘ ಪರಂಪರೆಯಿದೆ. ಥಿಯೊಡೋರ್ ನೋಲ್ಡೆಕೆ 1860ರ ತಮ್ಮ ಗ್ರಂಥದಲ್ಲಿ ಅಧ್ಯಾಯಗಳ ಕಾಲಾನುಕ್ರಮವನ್ನು ಚರ್ಚಿಸಿದರು. ಜಾನ್ ವಾನ್ಸ್‌ಬ್ರೋ 1977ರಲ್ಲಿ, ಈ ಪಠ್ಯ ಸ್ಥಿರರೂಪ ತಾಳಿದ್ದು ಸುಮಾರು ಎರಡು ಶತಮಾನಗಳ ತರುವಾಯ ಎಂದು ವಾದಿಸಿದರು. ಮುಸ್ಲಿಂ ವಿದ್ವಾಂಸರ ಉತ್ತರಗಳೂ ಇತ್ತೀಚಿನವಲ್ಲ. ವಿಲಿಯಂ ಮ್ಯೂರ್ ರಚಿಸಿದ ಪ್ರವಾದಿ ಚರಿತ್ರೆಗೆ ಪ್ರತಿಯಾಗಿ ಸರ್ ಸೈಯದ್ ಅಹಮದ್ ಖಾನರು 1870ರಲ್ಲಿ ಲಂಡನ್ನಿನಲ್ಲಿಯೇ ಪ್ರಬಂಧಗಳನ್ನು ಪ್ರಕಟಿಸಿದ್ದರು. ಉತ್ತರ ಪ್ರದೇಶದ ಮವೂನಲ್ಲಿ ಜನಿಸಿ, ದೇವಬಂದ್, ಅಲ್ ಅಝ್‌ಹರ್ ಹಾಗೂ ಕೇಂಬ್ರಿಜ್‌ಗಳಲ್ಲಿ ವ್ಯಾಸಂಗ ಮಾಡಿದ ಮುಹಮ್ಮದ್ ಮುಸ್ತಫಾ ಅಲ್ ಅಝಮಿಯವರ 2003ರ ಗ್ರಂಥ ಈ ಪರಂಪರೆಯ ಮಹತ್ವದ ಕೃತಿ.

ಪಠ್ಯವೆಂದರೆ ಕೇವಲ ಹಸ್ತಪ್ರತಿಯಲ್ಲ ಎಂಬುದು ಅಝಮಿಯವರ ಮೂಲ ಪ್ರತಿಪಾದನೆ. ಗುರುಮುಖದಿಂದ ಕೇಳಿ, ಒಪ್ಪಿಸಿ, ಅನುಮತಿ ಪಡೆಯುವ ಸರಪಳಿಯೇ ಇಲ್ಲಿ ಪ್ರಮಾಣ. ಬರಹ ಅದಕ್ಕೆ ಆಸರೆ. ಜಾನಪದ ವಿದ್ಯಾರ್ಥಿಗೆ ಈ ಮಾತು ಗಮನಾರ್ಹ. ಅದೇ ವರ್ಷ ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್, ಪ್ಯಾರಿ ಮತ್ತು ಲಾರ್ಡ್ ಅವರ ಮೌಖಿಕ ಸೂತ್ರ ಸಿದ್ಧಾಂತವನ್ನು ಕುರ್‌ಆನಿಗೆ ಅನ್ವಯಿಸಿ ಅಲ್ಲಿನ ಪುನರುಕ್ತ ನುಡಿಗಟ್ಟುಗಳನ್ನು ಗುರುತಿಸಿದರು. ಆದರೆ ಹಾಡುತ್ತಲೇ ಕಾವ್ಯವನ್ನು ಕಟ್ಟುವ ನಮ್ಮ ಮಾದೇಶ್ವರ ಕಾವ್ಯದ ಗಾಯಕನ ಸ್ಮೃತಿ ಬೇರೆ, ಒಂದಕ್ಷರವೂ ಚ್ಯುತಿಯಾಗದಂತೆ ಒಪ್ಪಿಸುವ ಹಾಫಿಝನ ಸ್ಮೃತಿ ಬೇರೆ. ಸೂತ್ರಗಳು ರಚನೆಯ ವಿಧಾನವನ್ನು ಸೂಚಿಸಬಲ್ಲವು. ಅನಂತರದ ಪ್ರಸರಣದಲ್ಲಿ ಪಠ್ಯ ಬದಲಾಯಿತೆಂದು ಅವಷ್ಟರಿಂದಲೇ ಸಾಧಿಸಲಾಗದು.

ಅಝಮಿಯವರ ವಾದಕ್ಕೂ ಮಿತಿಗಳಿವೆ. ಇಬ್ನ್ ಮಸ್‌ಊದರಂತಹ ಪ್ರವಾದಿಯ ಸಂಗಡಿಗರ ಪ್ರತಿಗಳಲ್ಲಿ ಭಿನ್ನಪಾಠಗಳಿದ್ದವೆಂಬ ವರದಿಗಳನ್ನು ಅವರು ವಿಶ್ವಾಸಾರ್ಹವಲ್ಲವೆಂದು ಬದಿಗಿರಿಸಿದರು. 1972ರಲ್ಲಿ ಯೆಮನ್ನಿನ ಸನಾ ಮಸೀದಿಯಲ್ಲಿ ದೊರೆತ ಹಸ್ತಪ್ರತಿರಾಶಿಯಲ್ಲಿ, ಅಳಿಸಿ ಮತ್ತೆ ಬರೆದ ಒಂದು ಚರ್ಮಪತ್ರದ ಪ್ರತಿಯಿದೆ. ಬೆಹನಾಮ್ ಸಾದೆಘಿ ಮತ್ತು ಮೊಹ್ಸೆನ್ ಗೌದರ್ಜಿ 2012ರಲ್ಲಿ ಪ್ರಕಟಿಸಿದ ಅದರ ಕೆಳಪದರದ ಪಾಠದಲ್ಲಿ ಪದಭೇದಗಳೂ ಅಧ್ಯಾಯಗಳ ಬೇರೆ ಕ್ರಮವೂ ಕಂಡುಬಂದವು. ಆ ವರದಿಗಳನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಏಳನೆಯ ಶತಮಾನದ್ದೆಂದು ತಿಳಿಯಲಾದ ಇದೇ ಪ್ರತಿ ವಾನ್ಸ್‌ಬ್ರೋ ಅವರ ಕಾಲನಿರ್ಣಯವನ್ನೂ ದುರ್ಬಲಗೊಳಿಸುತ್ತದೆ. ಉಭಯ ಪಕ್ಷಗಳೂ ಈ ಸಾಕ್ಷ್ಯಕ್ಕೆ ಉತ್ತರಿಸಬೇಕಾಗಿದೆ.

ಇಸ್ಲಾಮನ್ನು ಕುರಿತು ಬರೆಯುವ ನೈಜ ಅಧಿಕಾರ ನಿಷ್ಠಾವಂತ ಮುಸ್ಲಿಮನದು ಮಾತ್ರ ಎಂಬ ಅಝಮಿಯವರ ನಿಲುವನ್ನು ಒಪ್ಪುವುದು ಕಷ್ಟ. ಅವರ ಗ್ರಂಥದ ಬಲವಿರುವುದು ಸಾಕ್ಷ್ಯಗಳ ಮಂಡನೆಯಲ್ಲಿ. ಸಾಕ್ಷ್ಯವನ್ನು ಪರಿಶೀಲಿಸುವ ಹಕ್ಕು ಎಲ್ಲ ಓದುಗರದು. ಅಂತೆಯೇ, ಕಂಠವನ್ನು ಪ್ರಮಾಣವೆಂದು ಒಪ್ಪದೆ ಪತ್ರವನ್ನಷ್ಟೇ ನಂಬುವ ವಿಮರ್ಶೆಯೂ ಅಪೂರ್ಣವೇ. ಮೌಖಿಕ ಪರಂಪರೆಗಳ ಅಧ್ಯಯನ ಈ ಚರ್ಚೆಗೆ ನೆರವಾಗಬಲ್ಲದ್ದು ಇಲ್ಲಿಯೇ.