ಟೋಪಿ ಯಾರ ತಲೆ ಮೇಲೆ?

ಇಂಗ್ಲಿಷಿನ ‘ಚೀಟ್’ ಹುಟ್ಟಿದ್ದು ವಸೂಲಿ ಅಧಿಕಾರಿಗಳ ದೆಸೆಯಿಂದ ಅಂದ್ರೆ ನಂಬ್ತೀರಾ? ಲ್ಯಾಟಿನ್ನಿನಲ್ಲಿ ‘ಕಾದೆರೆ’ ಅಂದ್ರೆ ಬೀಳು. ಅದರ ಹಿಂದೆ ‘ಎಕ್ಸ್’ ಸೇರಿ, ಫ್ರೆಂಚರ ಬಾಯಲ್ಲಿ ಸವೆದು, ‘ಎಸ್ಚೀಟ್’ ಆಯ್ತು. ನಾವು ‘ಪಾಲಿಗೆ ಬಿತ್ತು’ ಅಂತೀವಲ್ಲ, ಹಾಗೇ: ವಾರಸುದಾರರಿಲ್ಲದವರ ಆಸ್ತಿ ಒಡೆಯನ ಪಾಲಿಗೆ ಬೀಳೋದು. ಅದನ್ನು ವಶಪಡಿಸಿಕೊಳ್ಳೋ ಅಧಿಕಾರಿಗಳ ಅನ್ಯಾಯ ಎಷ್ಟು ಕುಖ್ಯಾತ ಆಯ್ತು ಅಂದ್ರೆ, ಪದದ ತಲೆ ಉದುರಿ, ಉಳಿದ ‘ಚೀಟ್’ ಮೋಸಕ್ಕೇ ಹೆಸರಾಯ್ತು.

ಇದೇನು ದೂರದ ಕಥೆಯಲ್ಲ. 1824ರಲ್ಲಿ ಕಂಪನಿ ಸರ್ಕಾರ ಕಿತ್ತೂರಿನ ದತ್ತುಮಗನನ್ನು ವಾರಸುದಾರ ಅಂತ ಒಪ್ಪಲಿಲ್ಲ. ಚೆನ್ನಮ್ಮ ಎದ್ದು ನಿಂತದ್ದು ಇದೇ ತರ್ಕದ ವಿರುದ್ಧ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 29ನೇ ಕಲಮಿನ ಮೇಲಿರೋ ಇಂಗ್ಲಿಷ್ ಉಪಶೀರ್ಷಿಕೆ ಇವತ್ತಿಗೂ ‘ಎಸ್ಚೀಟ್’.

‘ಡಿಸೀವ್’ ಒಳಗಿರೋದು ‘ಕಾಪೆರೆ’, ಅಂದ್ರೆ ಹಿಡಿ. ಬಲೆ ಬೀಸಿ ಹಿಡಿಯೋ ಕೈ ಅದು. ನಮ್ಮ ‘ವಂಚನೆ’ಯ ಸಂಸ್ಕೃತ ಬೇರು ‘ವಂಚ್’ ಅಂದ್ರೆ ಓರೆಯಾಗಿ ನಡೆ. ಈ ಮೂರರಲ್ಲೂ ಕಾಣೋದು ಮೋಸಗಾರನೇ.

ಈಗ ನಮ್ಮ ಆಡುಮಾತು ನೋಡಿ. ಟೋಪಿ ಹಾಕೋದು, ಪಂಗನಾಮ ಹಾಕೋದು, ಕಿವಿ ಮೇಲೆ ಹೂವಿಡೋದು, ಚಳ್ಳೆಹಣ್ಣು ತಿನ್ನಿಸೋದು. ಟೋಪಿ ಇರೋದು ಕಳಕೊಂಡವನ ತಲೆ ಮೇಲೆ, ಹೂವು ಅವನ ಕಿವಿ ಮೇಲೆ, ಅಂಟುಹಣ್ಣು ಅವನ ಬಾಯಲ್ಲಿ. ಮೋಸ ಮಾಡಿದವನು ಚಿತ್ರದಲ್ಲೇ ಇಲ್ಲ!

ಜಾನಪದ ವಿಶ್ವವಿದ್ಯಾಲಯ ಇರೋ ಗೊಟಗೋಡಿಯವನಾಗಿ ಈ ನುಡಿಗಟ್ಟುಗಳ ಮೇಲೆ ನನಗೆ ಪ್ರೀತಿ ಜಾಸ್ತಿ. ಗೆಳೆಯರ ಕೀಟಲೆಗೆ ಇವಕ್ಕಿಂತ ಚೆಂದದ ಮಾತಿಲ್ಲ. ಆದರೆ ಊರಲ್ಲಿ ಯಾರೋ ಒಟಿಪಿ ಹೇಳಿ ಬೆಳೆ ಮಾರಿದ ದುಡ್ಡು ಕಳಕೊಂಡಾಗಲೂ ಕಟ್ಟೆ ಮೇಲೆ ಇದೇ ಮಾತು: ‘ಟೋಪಿ ಹಾಕಿಸ್ಕೊಂಡಾನ ನೋಡ್ರಿ.’ ‘ಹಾಕಿಸ್ಕೊಂಡ’ ಅನ್ನೋ ಕ್ರಿಯಾಪದ ಗಮನಿಸಿ. ತಾನೇ ತಲೆ ಕೊಟ್ಟ ಅನ್ನೋ ಹಾಗೆ! ನಗುವಿಗೆ ಹೆದರಿದವನು ಮನೆಯಲ್ಲೂ ಬಾಯಿ ಬಿಡಲ್ಲ, 1930ಕ್ಕೂ ಫೋನ್ ಮಾಡಲ್ಲ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತೆ. ಆಫೀಸಿನಲ್ಲಿ ನಾವೇನು ಕಮ್ಮಿ? ಫಿಶಿಂಗ್ ಲಿಂಕ್ ಒತ್ತಿದವರ ಹೆಸರು ವಾರಗಟ್ಟಲೆ ಜೋಕಾಗಿರುತ್ತೆ.

ಇಂಗ್ಲಿಷ್ ದೋಚಿದವರ ಹುದ್ದೆಯನ್ನೇ ಬೈಗುಳ ಮಾಡ್ತು. ನಾವು ಕಳಕೊಂಡವರನ್ನು ಗಾದೆ ಮಾಡಿದ್ವಿ. ಹೊಸ ಪದ ಕಟ್ಟೋದೇನೂ ಬೇಡ, ಕರ್ತೃ ಬದಲಾದರೆ ಸಾಕು: ‘ಅವನ ದುಡ್ಡು ಕದ್ದಾರ.’