ಪಿನ್ ಒತ್ತಿದರೆ ಹಣ ಬರುವುದೋ, ಹೋಗುವುದೋ?

ನೋಟು ರದ್ದತಿಯ ಗದ್ದಲದ ನಡುವೆ, 2016ರ ಡಿಸೆಂಬರ್ 30ರಂದು ಭೀಮ್ ಆ್ಯಪ್ ಬಂತು. ರಾಷ್ಟ್ರೀಯ ಪಾವತಿ ನಿಗಮ ರೂಪಿಸಿದ ಈ ಆ್ಯಪ್‌ನ ಗುಣವನ್ನು ಮೊದಲು ಒಪ್ಪಬೇಕು. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಬರೆಯುವ ತಾಪತ್ರಯವಿಲ್ಲ. ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ಅಂಗಡಿಯವನಿಗೆ ಹಣ ಸಂದಾಯ.

ಆದರೆ ಹಣ ಕಳಿಸುವ ಗುಂಡಿಯ ಪಕ್ಕದಲ್ಲೇ ‘ರಿಕ್ವೆಸ್ಟ್’ ಎಂಬ ಇನ್ನೊಂದು ಗುಂಡಿಯಿತ್ತು. ಬೇರೆ ಯುಪಿಐ ಆ್ಯಪ್‌ಗಳಲ್ಲೂ ಈ ಸೌಲಭ್ಯವಿತ್ತು. ಒಬ್ಬರು ಹಣ ಕೇಳಿ ಕೋರಿಕೆ ಕಳಿಸುವುದು, ಇನ್ನೊಬ್ಬರು ಒಪ್ಪಿ ಪಿನ್ ಒತ್ತಿದರೆ ಅವರ ಖಾತೆಯಿಂದ ಹಣ ಹೋಗುವುದು. ವಂಚಕರಿಗೆ ಇಷ್ಟೇ ಸಾಕಾಯಿತು. ‘ಹಣ ಕಳಿಸಿದ್ದೇನೆ, ಪಿನ್ ಒತ್ತಿ ಪಡೆಯಿರಿ’ ಎಂದು ಫೋನಿನಲ್ಲಿ ನಂಬಿಸಿದರು.

ಹಣ ಪಡೆಯಲು ಪಿನ್ ಬೇಕಿಲ್ಲವೆಂದು ಬ್ಯಾಂಕುಗಳು ಸಾರುತ್ತಲೇ ಇದ್ದವು. ಆದರೆ ನಮ್ಮ ಜನರ ರೂಢಿ ಏನು? ಬ್ಯಾಂಕಿನಲ್ಲಿ ಸಹಿ ಹಾಕಿದರೆ ಹಣ ಕೈಗೆ ಬರುತ್ತದೆ. ಎಟಿಎಂನಲ್ಲಿ ಪಿನ್ ಒತ್ತಿದರೆ ನೋಟು ಹೊರಬರುತ್ತದೆ. ಹೀಗೆ ಕಲಿತವರಿಗೆ ವಂಚಕನ ಮಾತೇ ಸಹಜವಾಗಿ ಕೇಳಿಸಿತು. ಪರದೆಯ ಮೇಲೆ ಮೊತ್ತ, ಹೆಸರು ಕಾಣುತ್ತಿತ್ತು ನಿಜ. ಒಂದು ಕಿವಿಯಲ್ಲಿ ಅವಸರಿಸುವ ದನಿ ಇರುವಾಗ ಅದನ್ನು ಓದಿ ಅರ್ಥಮಾಡಿಕೊಳ್ಳುವ ವ್ಯವಧಾನ ಎಷ್ಟು ಜನರಿಗಿದೆ?

ಮೋಸ ಹೋದವರನ್ನು ಸಮಾಜ ದಡ್ಡರೆಂದು ಕರೆಯಿತು. ಕಳೆದುಕೊಂಡವರು ನಾಚಿಕೆಯಿಂದ ಮನೆಯಲ್ಲೂ ಬಾಯಿಬಿಡಲಿಲ್ಲ. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವಿನ ಈ ಕೋರಿಕೆಯನ್ನೇ ನಿಗಮ ನಿಲ್ಲಿಸಿತು. ತಿದ್ದಬೇಕಾದದ್ದು ಆ್ಯಪ್ ಎಂದು ಒಪ್ಪಲು ಇಷ್ಟು ವರ್ಷ ಬೇಕಾಯಿತು. ಮುಂದಿನ ಆ್ಯಪ್ ರೂಪಿಸುವವರು ಮೊದಲ ಪರೀಕ್ಷೆಗೆ ಕಣ್ಣು ಮಂಜಾದ, ಗಾಬರಿಗೊಂಡ ಒಬ್ಬ ಅಜ್ಜಿಯನ್ನು ಕೂರಿಸಲಿ. ಹಣ ಹೋಗುತ್ತಿದೆಯೆಂದು ಆಕೆಗೆ ಥಟ್ಟನೆ ತಿಳಿಯದಿದ್ದರೆ ಆ ಕೆಲಸ ಇನ್ನೂ ಮುಗಿದಿಲ್ಲ.